ಹನ್ನೆರಡು ಡೆಸಿಬೆಲ್ ಎಲ್ಲಿ ಹೋಯಿತು?

ನನ್ನ ಕೈಗೆ ಬಂದ ಸರ್ಕಿಟ್ ಬೋರ್ಡು ಯಾವುದೂ ನನ್ನನ್ನು ಸೋಲಿಸಿಲ್ಲ ಎಂದು ನಾನು ಎದೆಯುಬ್ಬಿಸಿ ಹೇಳುತ್ತಿದ್ದ ಕಾಲವೊಂದಿತ್ತು. ದಸರಾ ರಜೆ ಮುಗಿದ ಸೋಮವಾರ ಬೆಳಿಗ್ಗೆ ಹತ್ತೂವರೆಯವರೆಗೆ ಆ ಕಾಲ ಇತ್ತು.

ಆಗ ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಲಿಂಗಂಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹದಿನಾರು ಮನೆ, ಹದಿನೈದರಲ್ಲಿ ಸಾಫ್ಟ್‌ವೇರು. ಹದಿನಾರನೆಯದು ನಮ್ಮದು. ನಾನು ಹಾರ್ಡ್‌ವೇರು ಎಂದು ಗೊತ್ತಾದ ದಿನದಿಂದ ಉಳಿದ ಹದಿನೈದು ಮನೆಯವರೂ ಕೆಟ್ಟ ಮಿಕ್ಸಿ, ರಿಮೋಟು, ಕಾಲಿಂಗ್ ಬೆಲ್ಲುಗಳನ್ನು ತಂದು ನಮ್ಮ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ನಾನು ಅವರಿಗೆಲ್ಲ ತಾಳ್ಮೆಯಿಂದ ವಿವರಿಸುತ್ತಿದ್ದೆ: "ನಾನು ಮಿಕ್ಸಿ ರಿಪೇರಿಯವನಲ್ಲ. ಪಟಾನ್‌ಚೆರು ಕಡೆ ಒಂದು ಕಂಪನಿಯಲ್ಲಿ ರೇಡಿಯೋ ಉಪಕರಣಗಳ ಬೋರ್ಡು ವಿನ್ಯಾಸ ಮಾಡುವ ಹಿರಿಯ ಎಂಜಿನಿಯರ್." ಅವರು ತಲೆಯಾಡಿಸಿ, ಮರುದಿನ ರೇಡಿಯೋ ತಂದಿಡುತ್ತಿದ್ದರು!

ಆ ವರ್ಷ ನಾನು ಮಾಡಿದ ಬೋರ್ಡಿನ ಹೃದಯ ಒಂದು ಸಿಂಥಸೈಜರ್ ಚಿಪ್. ಭಜನೆಯಲ್ಲಿ ತಾಳ ಹಾಕುವವನಿರುತ್ತಾನಲ್ಲ, ಅದರದೂ ಅದೇ ಕೆಲಸ. ಸೆಕೆಂಡಿಗೆ ನೂರು ಕೋಟಿ ಸಲಕ್ಕೂ ಹೆಚ್ಚು ತಾಳ ಹಾಕುತ್ತದೆ, ಬೋರ್ಡಿನ ಮೇಲಿನ ಉಳಿದವರೆಲ್ಲ ಅದಕ್ಕೆ ಹೊಂದಿಕೊಂಡು ನಡೆಯುತ್ತಾರೆ. ತಾಳ ಜೋರಾಗಿ ಕೇಳಿಸಬೇಕು, ಅಷ್ಟೇ. ಗುರುವಾರ ಮಧ್ಯಾಹ್ನ ಎರಡಕ್ಕೆ ದೆಹಲಿಯಿಂದ ಗಿರಾಕಿಯ ಕಡೆಯ ಅಧಿಕಾರಿ ಬಂದು ಬೋರ್ಡು ನೋಡುವವರಿದ್ದರು. ನನಗೆ ಚಿಂತೆಯೇ ಇರಲಿಲ್ಲ. ಯಾಕೆಂದರೆ ಆಯುಧಪೂಜೆಯನ್ನು ಆ ಸಲ ನಾನೇ ಮಾಡಿದ್ದೆ.

ಮೈಸೂರಿನಲ್ಲಿ ಹುಟ್ಟಿದವನಿಗೆ ದಸರಾ ವಿಷಯದಲ್ಲಿ ಜನ್ಮಸಿದ್ಧ ಅಧಿಕಾರ ಇರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿವರ್ಷ ನಮ್ಮ ಲ್ಯಾಬಿನಲ್ಲಿ ಯಾರೋ ಬಾಗಿಲಿಗೆ ಒಂದು ಹೂವು ಸಿಕ್ಕಿಸಿ, ತೆಂಗಿನಕಾಯಿ ಒಡೆದು ಮುಗಿಸಿಬಿಡುತ್ತಿದ್ದರು. "ಈ ವರ್ಷ ಮೈಸೂರು ಪದ್ಧತಿ" ಎಂದು ನಾನು ಘೋಷಿಸಿದೆ. ಪೂಜೆಯ ದಿನ ಬೆಳಿಗ್ಗೆ ಅಡುಗೆಮನೆಗೆ ನುಗ್ಗಿ ಅಕ್ಷತೆಗೆ ಅಕ್ಕಿ ಬಾಚಿಕೊಳ್ಳುತ್ತಿದ್ದಾಗ ಹೆಂಡತಿ ವನಜ ಒಳಗಿನಿಂದಲೇ ಕೂಗಿದಳು.

"ರೀ, ಅದು ನುಚ್ಚಕ್ಕಿ ಡಬ್ಬಿ! ದೋಸೆಗೆ ಅಂತ ತಂದಿಟ್ಟಿದ್ದು. ಅಕ್ಷತೆಗೆ ಮುರಿದ ಅಕ್ಕಿ ಹಾಕ್ಬಾರ್ದು. ಪಕ್ಕದ ಡಬ್ಬಿ ತಗೊಳ್ಳಿ."

ಹೊರಗೆ ಕಂಪನಿ ಬಸ್ಸು ಹಾರನ್ ಹೊಡೆಯುತ್ತಿತ್ತು. "ಯಂತ್ರಕ್ಕೇನು ಗೊತ್ತಾಗುತ್ತೆ ಬಿಡು!" ಎಂದು ನುಚ್ಚಿಗೇ ಅರಿಸಿನ ಕಲಸಿ ಪೊಟ್ಟಣ ಕಟ್ಟಿ ಓಡಿದೆ.

ಲ್ಯಾಬಿನಲ್ಲಿ ಎಲ್ಲಕ್ಕಿಂತ ದೊಡ್ಡ ಯಂತ್ರ ಸ್ಪೆಕ್ಟ್ರಮ್ ಅನಲೈಜರ್. ಬೋರ್ಡಿನಿಂದ ಎಷ್ಟು ಶಕ್ತಿಯ ಸಿಗ್ನಲ್ ಹೊರಬರುತ್ತಿದೆ ಎಂದು ಅಳೆದು ತೋರಿಸುವುದು ಅದೇ. ಅದರ ಮುಂಭಾಗದಲ್ಲಿ ಕೇಬಲ್ ಸಿಕ್ಕಿಸಲು ಒಂದು ದುಂಡನೆಯ ಹಿತ್ತಾಳೆ ಮೂತಿ ಇದೆ. ಎಲ್ಲ ಯಂತ್ರಗಳಿಗೂ ಹಣೆ ಹುಡುಕಿ ಕುಂಕುಮ ಇಟ್ಟ ನಾನು ಇದಕ್ಕೆ ವಿಶೇಷ ಗೌರವ ಸಲ್ಲಿಸಲು ಆ ಮೂತಿಗೇ ಒದ್ದೆ ಕುಂಕುಮ ಹಚ್ಚಿ, ಮದುಮಗನ ಹಣೆಗೆ ಒತ್ತುವ ಹಾಗೆ ಅಕ್ಷತೆ ಒತ್ತಿದೆ. ಪಕ್ಕದಲ್ಲಿ ಆರತಿ ತಟ್ಟೆ ಹಿಡಿದಿದ್ದ ಮಹಾದೇವಕ್ಕ ಮೆಲ್ಲಗೆ ಹೇಳಿದರು, "ಮೂತಿಗೆ ಬ್ಯಾಡ್ರಿ ಸರ. ಮ್ಯಾಲ ಹಚ್ಚರಿ, ಸಾಕು."

"ಭಕ್ತಿಯಲ್ಲಿ ಜಿಪುಣತನ ಬೇಡ ಅಕ್ಕ" ಎಂದೆ.

ಮಹಾದೇವಕ್ಕ ಹುಮನಾಬಾದ್ ಕಡೆಯವರು. ವಯಸ್ಸು ನಲವತ್ತೈದರ ಮೇಲೆ. ಸಾಸಿವೆಗಿಂತ ಸಣ್ಣ ಬಿಡಿಭಾಗಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬೋರ್ಡಿಗೆ ಬೆಸುಗೆ ಹಾಕುವವರು. ನಮ್ಮ ಬೆಸುಗೆ ವಿಭಾಗ ಎಂದರೆ ಅವರೊಬ್ಬರೇ. ಆರು ವರ್ಷದಿಂದ ಗುತ್ತಿಗೆಯ ಮೇಲೆ ಇದ್ದರು. ಗುತ್ತಿಗೆಯವರಿಗೆ ಕಂಪನಿ ಬಸ್ಸಿನಲ್ಲಿ ಸೀಟಿಲ್ಲ. ನಾವೆಲ್ಲ ಕಿಟಕಿ ಪಕ್ಕ ಕೂತು ತೂಕಡಿಸುತ್ತ ಬರುವ ದಾರಿಯಲ್ಲಿ ಅವರು ಎರಡು ಸಿಟಿ ಬಸ್ಸು ಬದಲಾಯಿಸಿ, ನಿಂತುಕೊಂಡು ಬರುತ್ತಿದ್ದರು. ಆ ವಾರ ಗುರುವಾರ ಸಂಜೆ ನಾಲ್ಕಕ್ಕೆ, ಖಾಯಂ ಆಗುವವರ ಪಟ್ಟಿಯನ್ನು ನಮ್ಮ ಮುಖ್ಯಸ್ಥರಾದ ರಾಜಾರಾವ್ ಗಾರು ಹಿಮಾಯತ್‌ನಗರದ ಹೆಡ್ಡಾಫೀಸಿಗೆ ಒಯ್ಯುವವರಿದ್ದರು. ಅದರಲ್ಲಿ ಮಹಾದೇವಕ್ಕನ ಹೆಸರಿತ್ತು.

ಸೋಮವಾರ ಹತ್ತೂವರೆಗೆ ಬೋರ್ಡಿಗೆ ಕರೆಂಟು ಕೊಟ್ಟೆ. ಕೇಬಲ್ಲಿನ ತಿರುಪು ಅನಲೈಜರಿನ ಮೂತಿಗೆ ಯಾಕೋ ಸ್ವಲ್ಪ ಬಿಗಿಯಾಯಿತು. ಇಕ್ಕಳ ಹಿಡಿದು ಒಂದು ಸುತ್ತು ಹೆಚ್ಚಿಗೆ ತಿರುವಿದೆ.

"ನಟ್ಟು ಪೂರಾ ಕೂತಿಲ್ರಿ ಸರ" ಎಂದರು ಮಹಾದೇವಕ್ಕ.

"ಹೊಸ ಕೇಬಲ್ ಅಕ್ಕ, ಹಾಗೇ ಇರುತ್ತೆ."

ಪರದೆಯ ಮೇಲೆ ಐದು ಬರಬೇಕಿತ್ತು. ಸೊನ್ನೆಗಿಂತ ಏಳು ಕೆಳಗೆ ಬಂತು! ಅಂದರೆ ಹನ್ನೆರಡು ಡೆಸಿಬೆಲ್ ಮಾಯ. ಈ ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹದಿನಾರಾಣೆ ಶಕ್ತಿ ಬರಬೇಕಾದ ಕಡೆ ಒಂದಾಣೆ ಬರುತ್ತಿತ್ತು. ತಾಳ ಹಾಕುವವನು ಮೂಲೆಯಲ್ಲಿ ಕೂತು ಪಿಸುಗುಟ್ಟುತ್ತಿದ್ದ.

ಚಿಪ್ಪಿಗೆ ಕೊಡುವ ಆದೇಶಗಳನ್ನು ಮತ್ತೆ ಪರಿಶೀಲಿಸಿದೆ. ಶಕ್ತಿ ಗರಿಷ್ಠದಲ್ಲೇ ಇತ್ತು. ಕರೆಂಟು ಅಳೆದೆ, ಸರಿಯಿತ್ತು. ಈ ಚಿಪ್ಪಿನ ಹೊರಬಾಗಿಲಿನ ಕಾಲುಗಳಿಗೆ ಒಂದು ಪುಟ್ಟ ಸುರುಳಿಯ ಮೂಲಕ ಕರೆಂಟು ಕೊಡಬೇಕು, ಇಲ್ಲದಿದ್ದರೆ ಅದು ಬಾಯಿ ಬಿಡುವುದಿಲ್ಲ. "ಸುರುಳಿಯೇ ಕೆಟ್ಟಿದೆ" ಎಂದು ತೀರ್ಪು ಕೊಟ್ಟೆ. ಮಹಾದೇವಕ್ಕ ಬದಲಾಯಿಸಿದರು. ಮೈನಸ್ ಏಳು. ಸುರುಳಿಯ ಪಕ್ಕದ ಕೆಪಾಸಿಟರ್ ಬದಲಾಯಿಸಿದರು. ಮೈನಸ್ ಏಳು. ಚಿಪ್ಪನ್ನೇ ಕಿತ್ತು ಹೊಸದು ಕೂರಿಸಿದರು. ಮೈನಸ್ ಏಳು!

"ಸರ, ಹ್ವಾದ ವರ್ಷದ ಬೋರ್ಡು ಒಂದು ಕಪಾಟಿನಾಗ ಐತಿ" ಎಂದರು ಮಹಾದೇವಕ್ಕ. "ಅದು ಛಲೋ ಇದ್ದದ್ದು. ಅದನ್ನೊಮ್ಮಿ ಹಚ್ಚಿ ನೋಡೂಣೇನ್ರಿ? ಮಿಷಿನ್ದು ಗೊತ್ತಾಗ್ತದ."

ನನಗೆ ಸಿಟ್ಟು ಬಂತು. ಮಿಷಿನ್ದು! ಹಬ್ಬಕ್ಕೆ ಮುಂಚೆಯಷ್ಟೇ ಪರೀಕ್ಷೆಯಾಗಿ, ಬೆನ್ನ ಮೇಲೆ ಹಸಿರು ಚೀಟಿ ಅಂಟಿಸಿಕೊಂಡು ಬಂದ ಯಂತ್ರ. ಅದರ ಮೇಲೆ ನನ್ನ ಕೈಯಾರೆ ಮೈಸೂರು ಪದ್ಧತಿಯಲ್ಲಿ ಪೂಜೆ ಮಾಡಿಸಿಕೊಂಡದ್ದು! "ಯಂತ್ರದ ವಿಷಯ ನನಗೆ ಬಿಡಿ" ಎಂದೆ.

ಮಂಗಳವಾರ ಚಿಪ್ ತಯಾರಕರ ಬೆಂಗಳೂರು ಸಹಾಯವಾಣಿಗೆ ಫೋನ್ ಮಾಡಿದೆ. ಅತ್ತ ಕಡೆಯ ಹುಡುಗಿ ವಿನಯದಿಂದ ಕೇಳಿದಳು, "ಸರ್, ಮೊದಲು ನಿಮ್ಮ ಅನಲೈಜರ್ ಸರಿ ಇದೆಯಾ ಅಂತ ಚೆಕ್ ಮಾಡಿದ್ರಾ?"

"ನಾನು ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ!" ಎಂದೆ.

"ಸರಿ ಸರ್. ಚೆಕ್ ಮಾಡಿದ್ರಾ?"

ಫೋನ್ ಇಟ್ಟುಬಿಟ್ಟೆ.

ಆಮೇಲೆ ನನಗೆ ಇನ್ನೊಂದು ಅನುಮಾನ ಬಂತು. ಬೆಸುಗೆ! ಮೂರು ಸಲ ಬದಲಾಯಿಸಿದ್ದು ಒಂದೇ ಕೈ. "ಕೊಡಿ ಇಲ್ಲಿ" ಎಂದು ಬಿಸಿಗಾಳಿಯ ಗನ್ನು ನಾನೇ ಹಿಡಿದೆ. ಗಾಳಿ ಎಷ್ಟು ಜೋರಿರಬೇಕು ಎಂಬುದರ ಬಗ್ಗೆ ನನಗೂ ಗನ್ನಿಗೂ ಭಿನ್ನಾಭಿಪ್ರಾಯ ಇತ್ತು. ಫುಸ್! ಸುರುಳಿ, ಕೆಪಾಸಿಟರ್ ಮತ್ತು ಹೆಸರು ನೆನಪಿಲ್ಲದ ಇನ್ನೂ ಇಬ್ಬರು ಬೋರ್ಡು ಬಿಟ್ಟು ಹಾರಿಹೋದರು. ನಾನು ಟಾರ್ಚು ಹಿಡಿದು ಮೇಜಿನ ಕೆಳಗೆ ಅಂಬೆಗಾಲಿಟ್ಟು ತೆವಳಿದೆ. ಸುರುಳಿ ಸಿಗಲಿಲ್ಲ. ಆಯುಧಪೂಜೆಯ ಅಕ್ಷತೆಯ ಒಂದು ಕಾಳು ಸಿಕ್ಕಿತು. ಶುಭಸೂಚನೆ ಎಂದು ಕಣ್ಣಿಗೊತ್ತಿಕೊಂಡು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ಮೇಜಿನಾಚೆ ಪಾಲಿಷ್ ಹಾಕಿದ ಎರಡು ಕರಿ ಬೂಟು ಬಂದು ನಿಂತವು.

"ಏಮಂಡಿ ಶ್ರೀಧರ್ ಗಾರು, ಕಿಂದ ಏಂ ಚೇಸ್ತುನ್ನಾರು?" ಎಂದರು ರಾಜಾರಾವ್ ಗಾರು.

ಕೆಳಗೆ ಏನು ಮಾಡುತ್ತಿದ್ದೇನೆ ಎಂದು ಯಾವ ಭಾಷೆಯಲ್ಲೂ ಹೇಳುವ ಹಾಗಿರಲಿಲ್ಲ. ಅವರು ಇಂಗ್ಲಿಷಿಗೆ ತಿರುಗಿ ನಿಧಾನವಾಗಿ ಹೇಳಿದರು: ಗುರುವಾರ ಬೋರ್ಡು ಕೆಲಸ ಮಾಡಲೇಬೇಕು. ಮಾಡದಿದ್ದರೆ ಯಾಕೆ ಮಾಡಲಿಲ್ಲ ಎಂಬುದು ನಾಳೆ ಸಂಜೆಯೊಳಗೆ ಬರಹದಲ್ಲಿ ಬೇಕು.

ಬುಧವಾರ ಬೆಳಿಗ್ಗೆ ಮಹಾದೇವಕ್ಕ ಹಾರಿಹೋದವರ ಜಾಗಕ್ಕೆ ಬೇರೆಯವರನ್ನು ಕೂರಿಸಿಕೊಟ್ಟರು, ಆದರೂ ಮೈನಸ್ ಏಳೇ. ಅವತ್ತು ನಾನು ಮಾಡಿದ ಕೆಲಸ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕಾರಣ ಗೊತ್ತಿಲ್ಲ ಎಂದು ಬರೆಯಲು ನನ್ನ ಬೆರಳು ಬಗ್ಗಲಿಲ್ಲ. ಬದಲಿಗೆ ಘನಗಂಭೀರ ಇಂಗ್ಲಿಷಿನಲ್ಲಿ ಒಂದು ಮೇಲ್ ಬರೆದೆ. ಅದರ ಸಾರ ಇಷ್ಟು: 'ಸುದೀರ್ಘ ಹಾಗೂ ವೈಜ್ಞಾನಿಕ ತನಿಖೆಯ ನಂತರ ಕಂಡುಬಂದ ಮೂಲ ಕಾರಣ, ಬೆಸುಗೆಯಲ್ಲಿ ಕೌಶಲದ ಕೊರತೆ.' ಹೆಸರು ಬರೆಯಲಿಲ್ಲ. ಒಬ್ಬರೇ ಇರುವ ವಿಭಾಗಕ್ಕೆ ಹೆಸರು ಯಾಕೆ! ಐವತ್ತು ಜನರಿಗೆ ಕಳಿಸಿ ಟೀ ಕುಡಿಯಲು ಹೋದೆ.

ಸಂಜೆ ಮಹಾದೇವಕ್ಕ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಸಾಹೇಬ್ರು ಕರದು ಹೇಳಿದ್ರು ಸರ. ಪಟ್ಟಿಯೊಳಗ ನನ್ನ ಹೆಸರು ಇಡೂದು ಕಷ್ಟ ಅಂತ. ಹಿಂಗ್ಯಾಕ ಬರದ್ರಿ?"

"ಅಕ್ಕ, ಅದು ನಿಮ್ಮ ಬಗ್ಗೆ ಅಲ್ಲ. ಒಟ್ಟಾರೆ ಪ್ರಕ್ರಿಯೆ..."

"ನಾ ಕೂಡಿಸಿದ್ದರಾಗ ಎಲ್ಲಿ ತಪ್ಪಾಗೇತಿ ಅಂತ ಒಂದು ಜಾಗಾ ತೋರಸ್ರಿ. ತೋರಿಸಿದ್ರ ನಾನೇ ಮನಿಗೆ ಹೋಗ್ತೀನಿ. ಆರು ವರ್ಷದಾಗ ಒಂದು ಬೋರ್ಡು ವಾಪಸ್ ಬಂದಿಲ್ಲರಿ ಸರ."

ನನ್ನ ಹತ್ತಿರ ತೋರಿಸಲು ಜಾಗ ಇರಲಿಲ್ಲ. ಕಂಪ್ಯೂಟರ್ ನೋಡುವವನಂತೆ ನಟಿಸಿದೆ. ಅದು ಆಫ್ ಆಗಿತ್ತು. ಅವರು ಟಿಫಿನ್ ಡಬ್ಬಿ ಎತ್ತಿಕೊಂಡು ಬಸ್ ಸ್ಟಾಪಿಗೆ ನಡೆದರು. ನಮ್ಮ ಬಸ್ಸು ಅವರ ಪಕ್ಕದಲ್ಲೇ ಹಾದುಹೋಯಿತು. ನಾನು ಕಿಟಕಿಯ ಪರದೆ ಎಳೆದುಕೊಂಡೆ.

ಮನೆಯಲ್ಲಿ ವನಜ ಕೇಳಿದಳು, "ಹನ್ನೆರಡು ಏನೋ ಕಳೆದುಹೋಗಿದೆ ಅಂತಿದ್ರಲ್ಲ, ಸಿಕ್ತಾ?"

"ಇಲ್ಲ" ಎಂದು, ಮಹಾದೇವಕ್ಕನ ಬೆಸುಗೆಯ ಮೇಲೆ ಹಾಕಿ ಮೇಲ್ ಬರೆದದ್ದನ್ನೂ ಹೇಳಿದೆ.

"ಸಿಗದಿದ್ದದ್ದಕ್ಕೆ ಆಯಮ್ಮ ಏನು ಮಾಡ್ತಾರೆ?"

ಈ ಪ್ರಶ್ನೆಗೆ ತಾಂತ್ರಿಕವಾಗಿ ಉತ್ತರಿಸಲು ಹೋಗಿ ಅರ್ಧದಲ್ಲಿ ನಿಲ್ಲಿಸಿದೆ.

ಗುರುವಾರ ಎರಡಕ್ಕೆ ಸರಿಯಾಗಿ ದೆಹಲಿಯ ಅಧಿಕಾರಿ ಬಂದರು. ರಾಜಾರಾವ್ ಗಾರು ಜೊತೆಗಿದ್ದರು. ನಾನು ಬಿಳಿ ಹಲಗೆಯ ಮುಂದೆ ನಿಂತು, ಶಕ್ತಿ ಯಾಕೆ ಕಡಿಮೆ ಎಂಬುದರ ಬಗ್ಗೆ ಐದು ಬಣ್ಣದ ಪೆನ್ನಿನಲ್ಲಿ ಚಿತ್ರ ಬರೆಯುತ್ತಿದ್ದೆ. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಬೆಸುಗೆ ಎಂಬ ಪದ ನನ್ನ ನಾಲಿಗೆಯ ತುದಿಗೆ ಬರುವುದಕ್ಕೂ ಹಿಂದಿನಿಂದ ಕಪಾಟಿನ ಬಾಗಿಲು ಕಿರ್ರೆನ್ನುವುದಕ್ಕೂ ಸರಿಹೋಯಿತು.

ಮಹಾದೇವಕ್ಕ ಹೋದ ವರ್ಷದ ಬೋರ್ಡು ಹಿಡಿದು ಬಂದಿದ್ದರು. ಯಾರ ಅಪ್ಪಣೆಯನ್ನೂ ಕೇಳದೆ ಅನಲೈಜರಿಗೆ ಸಿಕ್ಕಿಸಿ ಕರೆಂಟು ಕೊಟ್ಟರು.

ಮೈನಸ್ ಏಳು!

ಹೋದ ವರ್ಷ ಐದು ತೋರಿಸಿ ಪಾಸಾಗಿದ್ದ ಬೋರ್ಡದು. ಒಂದು ವರ್ಷ ಕಪಾಟಿನಲ್ಲಿ ಕೂತದ್ದಕ್ಕೆ ಅದರ ಬೆಸುಗೆಯ ಕೌಶಲ ಕಡಿಮೆಯಾಗುವುದಿಲ್ಲ.

ಮಹಾದೇವಕ್ಕ ಕೇಬಲ್ ಬಿಚ್ಚಿದರು. ಟಾರ್ಚು ಬಿಟ್ಟು ಮೂತಿಯೊಳಗೆ ಇಣುಕಿದರು. ಮೂತಿಯ ನಡುವೆ ಕೇಬಲ್ಲಿನ ಸೂಜಿ ಹೋಗಿ ಕೂರುವ ಸಣ್ಣ ತೂತಿರುತ್ತದೆ. ಅಲ್ಲಿಗೆ ಟಾರ್ಚು ಹಿಡಿದು, "ಸರ, ಒಳಗೇನೋ ಹಳದಿ ಕಾಣ್ತದ" ಎಂದರು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಉಸಿರು ಬಿಗಿಹಿಡಿದು, ಒಂದು ಸಲ ಮೀಟಿದರು. ಏನೋ ಉದುರಿತು. ಅದನ್ನು ಬೆರಳತುದಿಯಲ್ಲಿ ಒತ್ತಿ ತೆಗೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ನಮ್ಮ ಸೂಕ್ಷ್ಮದರ್ಶಕಕ್ಕೆ ಗೋಡೆಯ ಮೇಲಿನ ದೊಡ್ಡ ಟೀವಿ ಜೋಡಿಸಿದೆ, ಗಿರಾಕಿಗಳಿಗೆ ತೋರಿಸಲೆಂದು ನಾನೇ ಹಟಹಿಡಿದು ಹಾಕಿಸಿದ್ದು. ಅದರ ತುಂಬ ಹಲಸಿನ ಹಣ್ಣಿನಷ್ಟು ದೊಡ್ಡದಾಗಿ ಅರಿಸಿನ ಮೆತ್ತಿದ, ತುದಿ ಮುರಿದ ಒಂದು ಅಕ್ಕಿಕಾಳು!

"ಯೇ ಕ್ಯಾ ಹೈ?" ಎಂದರು ದೆಹಲಿಯವರು.

"ಅಕ್ಷತಿ ಅದರಿ" ಎಂದರು ಮಹಾದೇವಕ್ಕ.

ನುಚ್ಚು! ಇಡೀ ಅಕ್ಕಿಯಾಗಿದ್ದರೆ ಆ ತೂತಿನೊಳಗೆ ಹೋಗುತ್ತಲೇ ಇರಲಿಲ್ಲ. ಯಂತ್ರಕ್ಕೇನು ಗೊತ್ತಾಗುತ್ತೆ ಎಂದಿದ್ದೆನಲ್ಲ, ಯಂತ್ರಕ್ಕೆ ಸರಿಯಾಗಿಯೇ ಗೊತ್ತಾಗಿತ್ತು. ಕೇಬಲ್ಲಿನ ಸೂಜಿ ಕಾಳಿಗೆ ತಾಗಿ ನಿಂತು ಒಳಗೆ ಸೇರುತ್ತಿರಲಿಲ್ಲ. ನಾಲ್ಕು ದಿನದಿಂದ ಇಡೀ ಲ್ಯಾಬು ತಲೆಕೆಡಿಸಿಕೊಂಡದ್ದು ನಾನು ಕೈಯಾರೆ ಒತ್ತಿದ ಒಂದು ಕಾಳಿಗೆ! ಹೊಸ ಬೋರ್ಡು ಮತ್ತೆ ಸಿಕ್ಕಿಸಿದೆವು. ಈ ಸಲ ನಟ್ಟು ಬೆರಳಲ್ಲೇ ನಯವಾಗಿ ಪೂರ್ತಿ ಕೂತಿತು. ಪರದೆಯ ಮೇಲೆ ಐದು ಬಂತು. ದೆಹಲಿಯವರು ಸಂತೋಷದಿಂದ ಕೈ ಕುಲುಕಿದರು, ನನ್ನದಲ್ಲ, ಮಹಾದೇವಕ್ಕನದು.

ಗಂಟೆ ಮೂರೂ ಹತ್ತು. ನಾಲ್ಕಕ್ಕೆ ಪಟ್ಟಿ ಹೊರಡುತ್ತದೆ. ಮರ್ಯಾದಸ್ಥನಾದವನು ಆ ಕ್ಷಣ ಎಲ್ಲರ ಮುಂದೆ ತಪ್ಪು ಒಪ್ಪಿಕೊಳ್ಳುತ್ತಿದ್ದ. ನಾನು ಸದ್ದಿಲ್ಲದೆ ಕಂಪ್ಯೂಟರಿಗೆ ಹೋಗಿ, ಕಳಿಸಿದ ಮೇಲನ್ನು ವಾಪಸ್ ಪಡೆಯುವ ಗುಂಡಿ ಒತ್ತಿದೆ. ಆ ಗುಂಡಿಯ ಸ್ವಭಾವ ನನಗೆ ಗೊತ್ತಿರಲಿಲ್ಲ. ಅದು ಮೇಲನ್ನು ವಾಪಸ್ ತರಲಿಲ್ಲ. 'ಶ್ರೀಧರ್ ಅವರು ಈ ಮೇಲನ್ನು ಹಿಂಪಡೆಯಲು ಬಯಸಿದ್ದಾರೆ' ಎಂದು ಐವತ್ತು ಜನರಿಗೂ ಡಂಗುರ ಸಾರಿತು. ಅಲ್ಲಿಯವರೆಗೆ ಓದದೇ ಇದ್ದ ನಲವತ್ತು ಜನ ಕೂಡಲೇ ತೆರೆದು ಓದಿದರು!

ಮೂರೂವರೆಗೆ ರಾಜಾರಾವ್ ಗಾರು ಕಾರಿನ ಕೀಲಿ ಆಡಿಸುತ್ತ ಬಂದರು. ಪಟ್ಟಿ ಅವರ ಕಂಕುಳಲ್ಲಿತ್ತು. "ಸರ್, ಮಹಾದೇವಕ್ಕನ ಹೆಸರು..." ಎಂದೆ.

"ಐವತ್ತು ಜನರ ಮುಂದೆ ಬರೆದಿದ್ದೀರಿ. ನನ್ನ ಕಿವಿಯಲ್ಲಿ ಹೇಳಿದರೆ ಆಗುವುದಿಲ್ಲ" ಎಂದರು, ಇಂಗ್ಲಿಷಿನಲ್ಲಿ. "ಐವತ್ತು ಜನರಿಗೂ ಬರೆಯಿರಿ. ನಾಲ್ಕಕ್ಕೆ ನಾನು ಹೊರಡುತ್ತೇನೆ."

ಕೂತೆ. ಮೊದಲ ಸಾಲು ಬರೆದೆ: 'ಕೆಲವು ಅನಿರೀಕ್ಷಿತ ಕಾರಣಗಳಿಂದಾಗಿ...' ಅಳಿಸಿದೆ. 'ಅಳತೆಯ ವ್ಯವಸ್ಥೆಯಲ್ಲಿ ಬಾಹ್ಯ ವಸ್ತುವೊಂದು...' ಅಳಿಸಿದೆ. ಗಡಿಯಾರ ಮೂರೂ ಐವತ್ತು. ಹಿಂದೆ ತಿರುಗಿ ನೋಡಿದೆ. ಮಹಾದೇವಕ್ಕ ತಮ್ಮ ಮೇಜಿನಲ್ಲಿ ಕೂತು, ನನ್ನ ಬಿಸಿಗಾಳಿ ಬೋರ್ಡಿನ ಮೇಲೆ ಬಿಟ್ಟಿದ್ದ ಕರಿ ಕಲೆಗಳನ್ನು ಒರೆಸುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ಆಗ ಬೆರಳು ತಾನೇ ಬಗ್ಗಿತು.

'ಮೂಲ ಕಾರಣ: ನಾನು. ಅನಲೈಜರಿನ ಮೂತಿಗೆ ಅಕ್ಷತೆ ಒತ್ತಿದ್ದು ನಾನು. ಬೇಡವೆಂದು ಹೇಳಿದ್ದು ಮಹಾದೇವಿಯವರು. ನಟ್ಟು ಕೂತಿಲ್ಲವೆಂದು ಹೇಳಿದ್ದೂ ಅವರು. ಹಳೆಯ ಬೋರ್ಡು ಹಾಕಿ ನೋಡೋಣ ಎಂದದ್ದೂ ಅವರು. ಮೂರು ಸಲವೂ ಕೇಳದಿದ್ದದ್ದು ನಾನು. ಅವರ ಬೆಸುಗೆಯಲ್ಲಿ ಯಾವ ದೋಷವೂ ಇಲ್ಲ.'

ಮೂರೂ ಐವತ್ತೇಳಕ್ಕೆ ಕಳಿಸಿದೆ. ಕಾರು ಹೊರಟ ಸದ್ದು ಕೇಳಿಸಿತು. ಪಟ್ಟಿಯಲ್ಲಿ ಏನಿತ್ತು ಎಂದು ಆ ದಿನ ಯಾರೂ ಹೇಳಲಿಲ್ಲ. ಮಹಾದೇವಕ್ಕ ಹೋಗುವಾಗ ಮಾತ್ರ ನನ್ನ ಮೇಜಿನ ಹತ್ತಿರ ಒಂದು ಗಳಿಗೆ ನಿಂತು, "ಇವತ್ತು ಛಲೋ ಬರದ್ರಿ ಸರ" ಎಂದರು. ಕಣ್ಣು ಒದ್ದೆಯಾಯಿತು. ಬೆಸುಗೆಯ ಹೊಗೆ ಇರಬೇಕು ಎಂದುಕೊಂಡೆ.

ಆಮೇಲಿನ ಕಥೆ ಸಣ್ಣದು. ಗುಣಮಟ್ಟ ವಿಭಾಗದವರು ನನಗೊಂದು ನಮೂನೆ ಕಳಿಸಿದರು. 'ದೋಷಕ್ಕೆ ಕಾರಣವಾದ ವಸ್ತು' ಎಂಬಲ್ಲಿ ಅಕ್ಕಿ ಎಂದು ತುಂಬಿದೆ. 'ಸರಬರಾಜುದಾರರು' ಎಂಬಲ್ಲಿ ವನಜಳ ಹೆಸರು ಬರೆಯಲು ಹೊರಟಿದ್ದೆ. "ಬರೆದು ನೋಡಿ, ನಾಳೆಯಿಂದ ಊಟದ ಸರಬರಾಜೂ ನಿಲ್ಲುತ್ತೆ!" ಎಂದಳು.

ಮುಂದಿನ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ, ವರ್ಷಗಳಿಂದ ನನ್ನದೆಂದು ನಾನು ನಂಬಿದ್ದ ಕಿಟಕಿ ಪಕ್ಕದ ಸೀಟಿನಲ್ಲಿ ಮಹಾದೇವಕ್ಕ ಕೂತಿದ್ದರು. ಹೊಸ ಗುರುತಿನ ಚೀಟಿ ಕೊರಳಲ್ಲಿತ್ತು. ನನಗೆ ಎಂದೂ ಅಷ್ಟು ಸಂತೋಷವಾದದ್ದಿಲ್ಲ. ಕೊನೆಯವರೆಗೂ ಕಂಬಿ ಹಿಡಿದು ನಿಂತುಕೊಂಡೇ ಹೋದೆ.

ಲ್ಯಾಬಿನ ಬಾಗಿಲಲ್ಲಿ ಅವರು ಅಡ್ಡ ನಿಂತರು. ಖಾಯಂ ನೌಕರರಿಗೆ ಅಧಿಕಾರವೂ ಬರುತ್ತದಲ್ಲ!

"ಒಳಗ ಹೋಗೂಕಿಂತ ಮೊದಲ ಜೇಬು ತೋರಸ್ರಿ ಸರ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಪಾಠ ಕಲಿತಾಗಿತ್ತು, ಮುಚ್ಚಿಡಲು ಏನೂ ಇರಲಿಲ್ಲ. "ಧಾರಾಳವಾಗಿ ನೋಡಿ!" ಎಂದು ಎದೆಯುಬ್ಬಿಸಿ ಪ್ಯಾಂಟಿನ ಎರಡೂ ಜೇಬು ಹೊರಗೆಳೆದು ಕೊಡವಿದೆ.

ಅಂದು ಮೇಜಿನ ಕೆಳಗೆ ತೆವಳಿದಾಗ ಹಾಕಿಕೊಂಡಿದ್ದ ಪ್ಯಾಂಟೇ ಅದು. ಮೂರು ಸಲ ಒಗೆದು ಬಂದಿತ್ತು. ಆದರೂ ಬಲಗಡೆ ಜೇಬಿನ ಮೂಲೆಯಿಂದ ಹಳದಿ ಬಣ್ಣ ಮಾಸಿದ ಒಂದು ನುಚ್ಚಿನ ಕಾಳು ಟಣ್ಣನೆ ನೆಲಕ್ಕೆ ಬಿತ್ತು.

ಮಹಾದೇವಕ್ಕ ಬಗ್ಗಿ ಕಾಳನ್ನು ಎತ್ತಿಕೊಂಡರು. ಆಮೇಲೆ ನನ್ನನ್ನು ಹೊರಗೇ ನಿಲ್ಲಿಸಿ, ಬಾಗಿಲು ಹಾಕಿಕೊಂಡರು.